ಒಂದೇ ಪಂಕ್ತಿಯ ಸಿಹಿ
(ಜೋಳದ ಹಿಟ್ಟಿನ ಹುರಿಪುಡಿ ಮತ್ತು ಹಣ್ಣು: ಒಂದು ಪಾಠ)



ಪ್ರತಿ ವರ್ಷ ಈ ಸಂಚಿಕೆಯಲ್ಲಿ ನಾವು ವ್ಯಾಕರಣದ ಬಗೆಗೋ, ಪತ್ರಲೇಖನದ ಬಗೆಗೋ ನಾಲ್ಕು ಮಾತು ಬರೆಯುವುದು ವಾಡಿಕೆ. ಈ ಸಲ ಅಡಿಗೆಯ ಪಾಠ ಬರೆಯಲು ಹೊರಟಿದ್ದೇವೆ. ಕನ್ನಡದ ಮಾಸ್ತರರಿಗೆ ಒಲೆಯ ಹತ್ತಿರ ಏನು ಕೆಲಸ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ಕಳೆದ ವರ್ಷದ ಸ್ನೇಹ ಸಮ್ಮೇಳನದ ದಿನ ಮಧ್ಯಾಹ್ನ ಎಲ್ಲರಿಗೂ ಗೋಧಿ ಹುಗ್ಗಿಯ ಊಟ. ಬಡಿಸುತ್ತ ಹೋಗುವಾಗ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ತಟ್ಟೆಯಲ್ಲಿ ಅನ್ನ-ಸಾರು ಮಾತ್ರ ಹಾಕಿಸಿಕೊಂಡು ಹುಗ್ಗಿಗೆ ಕೈ ಅಡ್ಡ ಹಿಡಿದಳು. “ಯಾಕವ್ವಾ, ಹಬ್ಬದ ಅಡಿಗಿ ಬ್ಯಾಡಂತಿ?” ಎಂದೆವು. ಆಕೆ ತಲೆ ತಗ್ಗಿಸಿದಳು. ಅನ್ನವನ್ನು ನಿರಾಕರಿಸಬಾರದು, ಪಂಕ್ತಿಯಲ್ಲಿ ಕುಳಿತವರು ಬಡಿಸಿದ್ದನ್ನು ಉಣ್ಣಬೇಕು ಎಂದು ನಾಲ್ಕು ಜನರ ಮುಂದೆ ಉಪದೇಶ ಮಾಡಿ, ಒಂದು ಸೌಟು ಹುಗ್ಗಿ ಹಾಕಿ, ಆಕೆ ಉಣ್ಣುವ ತನಕ ಎದುರಿಗೇ ನಿಂತೆವು. ಆಕೆ ಉಂಡಳು. ಮರುದಿನದಿಂದ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಆಕೆಯ ತಂದೆ ಕೈಯಲ್ಲಿ ದವಾಖಾನೆಯ ಕಾಗದ ಹಿಡಿದು ಬಂದರು. ಸಿಟ್ಟು ಮಾಡಲಿಲ್ಲ. “ಗುರುಗಳ, ಆಕಿಗಿ ಗೋದಿ ನಡ್ಯಂಗಿಲ್ರಿ. ಒಂದು ತುತ್ತು ತಿಂದ್ರೂ ಹೊಟ್ಟಿ ಕೆಡತದ್ರಿ. ನಿಮಗ ಹೇಳಾಕ ಆಕಿಗಿ ಅಂಜಿಕಿ” ಎಂದಷ್ಟೇ ಹೇಳಿದರು. ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಅಂದಿನಿಂದ ಗೋಧಿಯಲ್ಲಿ ಅಂಥದೇನಿದೆ ಎಂಬುದನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದಾದ ಒಂದು ಸಿಹಿಯನ್ನು ಹುಡುಕಿದೆವು. ಆ ಅಭ್ಯಾಸದ ಫಲವೇ ಈ ಲೇಖನ.

ಗೋಧಿಯಲ್ಲಿ ಏನಿದೆ?

ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ, ಮನೆಯಲ್ಲಿಯೇ ನೋಡಬಹುದು. ಒಂದು ಹಿಡಿ ಗೋಧಿ ಹಿಟ್ಟನ್ನು ಗಟ್ಟಿಯಾಗಿ ನಾದಿ ಅರ್ಧ ತಾಸು ಮುಚ್ಚಿಡಿರಿ. ನಂತರ ಅದನ್ನು ತೆಳುವಾದ ಬಟ್ಟೆಯಲ್ಲಿ ಕಟ್ಟಿ, ನೀರು ತುಂಬಿದ ಪಾತ್ರೆಯಲ್ಲಿ ಅದುಮುತ್ತ ತೊಳೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಪಿಷ್ಟ. ನೀರು ಬದಲಿಸುತ್ತ, ಅದು ತಿಳಿಯಾಗುವವರೆಗೆ ತೊಳೆದರೆ ಬಟ್ಟೆಯಲ್ಲಿ ರಬ್ಬರಿನಂಥ ಒಂದು ಚಿಕ್ಕ ಉಂಡೆ ಉಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಇದೇ ಗ್ಲುಟೆನ್. ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ಇದೇ ರೀತಿ ಹಿಟ್ಟನ್ನು ತೊಳೆದು ಕಂಡುಕೊಂಡ ಸಂಗತಿ 1745ರಲ್ಲಿ ಪ್ರಕಟವಾಯಿತು. ಲ್ಯಾಟಿನ್ ಭಾಷೆಯಲ್ಲಿ ಗ್ಲುಟೆನ್ ಎಂದರೆ ಅಂಟು ಎಂದರ್ಥ.

ಈಗ ಜೋಳದ ಹಿಟ್ಟನ್ನು ಹಾಗೆಯೇ ಕಟ್ಟಿ ತೊಳೆಯಿರಿ. ಹಿಟ್ಟೆಲ್ಲ ಕದಡಿಹೋಗಿ ಬಟ್ಟೆಯಲ್ಲಿ ಸ್ವಲ್ಪ ತೌಡು ಮಾತ್ರ ಉಳಿಯುತ್ತದೆ, ಹಿಗ್ಗುವ ಉಂಡೆ ಸಿಗುವುದಿಲ್ಲ. ಹಾಗೆಂದು ಜೋಳದಲ್ಲಿ ಪ್ರೋಟೀನು ಇಲ್ಲವೆಂದಲ್ಲ. ನೂರು ಗ್ರಾಮಿನಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಆದರೆ ಅದರ ಬಗೆಯೇ ಬೇರೆ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಬಿದ್ದು ನಾದಿದಾಗ ಒಂದಕ್ಕೊಂದು ಹೆಣೆದು ಬಲೆಯಾಗುತ್ತವೆ. ಜೋಳದ ಪ್ರೋಟೀನು ಹಾಗೆ ಹೆಣೆದುಕೊಳ್ಳುವುದಿಲ್ಲ.

ಆದುದರಿಂದಲೇ ನಮ್ಮ ತಾಯಂದಿರು ಚಪಾತಿಯ ಹಿಟ್ಟನ್ನು ತಣ್ಣೀರಿನಲ್ಲಿ ನಾದುತ್ತಾರೆ, ರೊಟ್ಟಿಯ ಹಿಟ್ಟಿಗೆ ಮಾತ್ರ ಎಸರು ಇಟ್ಟು ಕುದಿನೀರು ಹಾಕುತ್ತಾರೆ. ಕುದಿನೀರಿಗೆ ಪಿಷ್ಟ ಅರೆಬೆಂದು ಜಿಗಿ ಬಿಡುತ್ತದೆ, ಆ ಜಿಗಿಯ ಬಲದಿಂದ ರೊಟ್ಟಿ ಹರಿಯದೆ ತಟ್ಟಲು ಬರುತ್ತದೆ. ಚಪಾತಿಗೆ ಪ್ರೋಟೀನಿನ ಬಲೆ ಆಧಾರ, ರೊಟ್ಟಿಗೆ ಪಿಷ್ಟದ ಜಿಗಿ ಆಧಾರ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯರೂ ಈ ಭೇದವನ್ನು ಕೈಯಿಂದ ಬಲ್ಲವರಾಗಿದ್ದರು.

ಕೆಲವರಿಗೆ ಏಕೆ ಆಗುವುದಿಲ್ಲ?

ಬಹುಜನರಿಗೆ ಗ್ಲುಟೆನ್‌ನಿಂದ ಯಾವ ಬಾಧೆಯೂ ಇಲ್ಲ. ಆದರೆ ಕೆಲವರ ದೇಹ ಅದನ್ನು ಶತ್ರುವೆಂದು ತಿಳಿದು ಹೋರಾಡತೊಡಗುತ್ತದೆ. ಈ ಹೋರಾಟದಲ್ಲಿ ಸಣ್ಣ ಕರುಳಿನ ಒಳಗೋಡೆಗೇ ಪೆಟ್ಟು ಬೀಳುತ್ತದೆ. ಅಲ್ಲಿ ಆಹಾರದ ಸಾರವನ್ನು ಹೀರುವ ಸೂಕ್ಷ್ಮವಾದ ಬೆರಳಿನಂಥ ಎಳೆಗಳಿರುತ್ತವೆ. ಅವು ಸವೆದು ಚಪ್ಪಟೆಯಾದರೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಮೇಲಿಂದ ಮೇಲೆ ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಬಾಯಿಹುಣ್ಣು, ವಯಸ್ಸಿಗೆ ತಕ್ಕಂತೆ ಬೆಳೆಯದಿರುವುದು ಇದರ ಲಕ್ಷಣಗಳು. ಕೆಲವರಲ್ಲಿ ರಕ್ತಹೀನತೆಯೊಂದೇ ಕಾಣಬಹುದು.

1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ರೋಗವನ್ನು ವಿವರವಾಗಿ ವರ್ಣಿಸಿದರು. ಆದರೆ ಕಾರಣ ಮಾತ್ರ ತಿಳಿದಿರಲಿಲ್ಲ. ಅದನ್ನು ಬಯಲಿಗೆ ತಂದವರು ಹಾಲೆಂಡಿನ ಮಕ್ಕಳ ವೈದ್ಯರಾದ ಡಿಕೆ ಎಂಬವರು. ಗೋಧಿಯ ಮೇಲೆ ಅವರಿಗೆ ಮೊದಲಿನಿಂದಲೂ ಸಂಶಯವಿತ್ತು. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭೀಕರ ಆಹಾರಾಭಾವ ಉಂಟಾಗಿ ಬ್ರೆಡ್ಡು ಸಿಗದಂತಾಯಿತು. ಊರೆಲ್ಲ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸತೊಡಗಿದರು. ಬ್ರೆಡ್ಡು ಮತ್ತೆ ಬಂದಾಗ ರೋಗವೂ ಮರಳಿತು. ಡಿಕೆಯವರು ತಮ್ಮ ಸಂಶೋಧನೆಯನ್ನು 1950ರಲ್ಲಿ ಪ್ರಬಂಧರೂಪದಲ್ಲಿ ಮಂಡಿಸಿದರು.

ಪಾಲಕರು ಮೂರು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಇದು ಅಂಟುರೋಗವಲ್ಲ. ಹೆಸರಿನಲ್ಲಿ ‘ಅಂಟು’ ಬಂದದ್ದು ಹಿಟ್ಟಿನಿಂದ, ಮಗುವಿನ ಮಗ್ಗುಲಲ್ಲಿ ಕುಳಿತರೆ ಬರುವಂಥದಲ್ಲ. ಎರಡನೆಯದಾಗಿ, ಸಂಶಯವಿದ್ದರೆ ತಾವೇ ಗೋಧಿ ಬಿಡಿಸಬಾರದು, ಮೊದಲು ವೈದ್ಯರಿಗೆ ತೋರಿಸಬೇಕು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಿದರೆ ರೋಗ ಸರಿಯಾಗಿ ಗೊತ್ತಾಗುತ್ತದೆ, ಬಿಟ್ಟ ಮೇಲೆ ಮಾಡಿಸಿದರೆ ಪರೀಕ್ಷೆ ತಪ್ಪು ಹೇಳಬಹುದು. ಮೂರನೆಯದಾಗಿ, ರೋಗ ನಿಶ್ಚಯವಾದ ಮೇಲೆ ಪಥ್ಯವೇ ಔಷಧ, ಅದೂ ಜೀವನಪರ್ಯಂತ. ಹಬ್ಬಕ್ಕೊಂದು ದಿನ ಸಡಿಲು ಬಿಡುವಂತಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವು ಎಷ್ಟೋ ವರ್ಷ ಕಲಿಸಿದ್ದೆವು. ಅದರ ಅರ್ಥ ನಮಗೆ ಆದದ್ದು ಈಗ.

ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

ನಡೆಯದವುಗಳು: ಗೋಧಿ, ಅದರಿಂದಾದ ಮೈದಾ, ರವೆ, ಶ್ಯಾವಿಗೆ, ಬ್ರೆಡ್ಡು, ಬಿಸ್ಕೀಟು, ಹಾಗೆಯೇ ಬಾರ್ಲಿ ಮತ್ತು ರೈ. ನಮ್ಮ ಭಾಗದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಖಪಲಿ ಗೋಧಿ, ಅಂದರೆ ಜವಿಗೋಧಿ, ಹಳೆಯ ತಳಿಯಾದ್ದರಿಂದ ಇಂಥವರಿಗೆ ನಡೆಯುತ್ತದೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಖಪಲಿಯೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಚೀಟಿ ಓದಿಯೇ ಕೊಳ್ಳಬೇಕು.

ನಡೆಯುವವುಗಳು: ಜೋಳ, ಸಜ್ಜೆ, ರಾಗಿ, ನವಣೆ, ಸಾವೆ, ಅಕ್ಕಿ, ಗೋವಿನಜೋಳ, ರಾಜಗಿರಿ, ಎಲ್ಲ ಬೇಳೆಗಳು, ಶೇಂಗಾ, ಎಳ್ಳು. ನೋಡಿರಿ, ಈ ಯಾದಿಯಲ್ಲಿ ಇರುವುದು ಬಹುಮಟ್ಟಿಗೆ ನಮ್ಮ ಜತ್ತ ತಾಲೂಕಿನ ಹೊಲದ ಬೆಳೆಯೇ. ಮಳೆ ಕೈಕೊಡುವ ಈ ಬರಡು ಸೀಮೆಯಲ್ಲಿ ಮುಂಗಾರಿಗೆ ಸಜ್ಜೆ, ಹಿಂಗಾರಿಗೆ ಜೋಳ ನಮ್ಮನ್ನು ಬದುಕಿಸಿಕೊಂಡು ಬಂದಿವೆ. ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಭಾರತದ ಸೂಚನೆಯಂತೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಾವು ಮಾತ್ರ ರೊಟ್ಟಿಯನ್ನು ದಿನದ ಪಾಡೆಂದೂ, ಗೋಧಿಯನ್ನು ಹಬ್ಬದ ಮರ್ಯಾದೆಯೆಂದೂ ಎಣಿಸುತ್ತ ಬಂದೆವು.

ಮಾದಲಿ ಮತ್ತು ಕ್ರಂಬಲ್

ಸಿಹಿಯ ವಿಚಾರ ಬಂದಾಗ ನಮಗೆ ಮೊದಲು ದಾರಿ ತೋರಿದವರು ಆ ಹುಡುಗಿಯ ಅಜ್ಜಿ. “ಗೋದಿ ಇಲ್ಲಂದ್ರ ಸಿಹಿನೇ ಇಲ್ಲೇನ್ರಿ? ನಾವು ಸಜ್ಜಿ ಮಾದಲಿ ಮಾಡ್ತಿದ್ವಿ” ಎಂದರು. ಮಾದಲಿ ನಿಮಗೆ ಗೊತ್ತಿರುವುದೇ. ದಪ್ಪ ರೊಟ್ಟಿ ಸುಟ್ಟು, ಕುಟ್ಟಿ ತರಿತರಿಯಾಗಿ ಪುಡಿ ಮಾಡಿ, ಬೆಲ್ಲ, ಪುಠಾಣಿ, ಒಣಕೊಬ್ಬರಿ, ಗಸಗಸೆ, ಯಾಲಕ್ಕಿ ಬೆರೆಸಿ, ಮೇಲೆ ತುಪ್ಪ ಅಥವಾ ಹಾಲು ಹಾಕಿಕೊಂಡು ಉಣ್ಣುವ ಪದಾರ್ಥ. ಬಹಳ ಮನೆಗಳಲ್ಲಿ ಇದನ್ನು ಗೋಧಿಯಿಂದ ಮಾಡುತ್ತಾರೆ, ಸಜ್ಜೆಯಿಂದಲೂ ಮಾಡುವುದುಂಟು.

ಇಂಗ್ಲಂಡಿನಲ್ಲಿ ಇದರ ದೂರದ ಬಂಧುವೊಂದಿದೆ. ಅದರ ಹೆಸರು ಕ್ರಂಬಲ್. ಆ ಮಾತಿಗೆ ಪುಡಿಪುಡಿಯಾಗು ಎಂದೇ ಅರ್ಥ. ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಬೆರಳ ತುದಿಯಿಂದ ಉಜ್ಜಿ ಉದುರುದುರಾಗಿ ಮಾಡಿ, ಹೆಚ್ಚಿದ ಸೇಬಿನ ಮೇಲೆ ಹರಡಿ ಬಟ್ಟಿಯಲ್ಲಿ ಬೇಯಿಸುತ್ತಾರೆ. ಕೆಳಗೆ ಮೆತ್ತನೆಯ ಹುಳಿಸಿಹಿ ಹಣ್ಣು, ಮೇಲೆ ಗರಿಗರಿ ಪುಡಿ. ಅವರು ಬಳಸುವುದು ಮೈದಾ ಹಿಟ್ಟು. ಇಲ್ಲಿ ಒಂದು ಸ್ವಾರಸ್ಯವಿದೆ. ಹಿಟ್ಟನ್ನು ಬೆಣ್ಣೆಯಲ್ಲಿ ಉಜ್ಜುವುದು ಗ್ಲುಟೆನ್ ಬಲೆ ಕಟ್ಟಬಾರದೆಂದೇ. ಬಲೆ ಕಟ್ಟಿದರೆ ಪುಡಿ ಗರಿಯಾಗದೆ ನಾರಾಗುತ್ತದೆ. ಹಾಗಾದರೆ ಬಲೆಯನ್ನೇ ಕಟ್ಟದ ಜೋಳದ ಹಿಟ್ಟು ಈ ಕೆಲಸಕ್ಕೆ ಹುಟ್ಟಾ ಯೋಗ್ಯವಲ್ಲವೇ? ಚಪಾತಿಗೆ ದೋಷವಾದದ್ದು ಇಲ್ಲಿ ಗುಣವಾಗುತ್ತದೆ.

ಆದರೆ ಜೋಳಕ್ಕೂ ಒಂದು ತೊಡಕಿದೆ. ಬರೀ ಜೋಳದ ಹಿಟ್ಟನ್ನು ತುಪ್ಪದಲ್ಲಿ ಉಜ್ಜಿದರೆ ಅದು ಉಸುಕಿನಂತೆ ಉದುರುತ್ತದೆ, ಕಾಳುಕಟ್ಟುವುದಿಲ್ಲ. ಮೊದಲ ಸಲ ನಾವು ಮಾಡಿದ್ದು ಹೀಗೆಯೇ ಆಗಿ, ಹಣ್ಣಿನ ಮೇಲೆ ಹಾಕಿದೊಡನೆ ಅಂಬಲಿಯಂತಾಯಿತು. ಎರಡು ಉಪಾಯಗಳಿಂದ ಇದು ಸರಿಹೋಯಿತು: ಒಂದು, ಶೇಂಗಾದ ತರಿ ಸೇರಿಸುವುದು. ಎರಡು, ಹುರಿದ ಮೇಲೆ ಬಿಸಿಯಿರುವಾಗಲೇ ಬೆಲ್ಲ ಬೆರೆಸುವುದು. ಬೆಲ್ಲ ಬಿಸಿಗೆ ಮೆದುವಾಗಿ ಪುಡಿಯನ್ನು ಹಿಡಿದು, ಆರಿದ ಮೇಲೆ ಗಟ್ಟಿಯಾಗುತ್ತದೆ. ಗ್ಲುಟೆನ್ ಮಾಡಬೇಕಾದ ಅಂಟಿನ ಕೆಲಸವನ್ನು ಇಲ್ಲಿ ಬೆಲ್ಲ ಮಾಡುತ್ತದೆ.

ಸಾಮಗ್ರಿಗಳು (8 ಜನರಿಗೆ)

ಹುರಿಪುಡಿಗೆ: ಜೋಳದ ಹಿಟ್ಟು 100 ಗ್ರಾಂ, ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಶೇಂಗಾ 50 ಗ್ರಾಂ, ಗಟ್ಟಿ ತುಪ್ಪ 60 ಗ್ರಾಂ, ಪುಡಿ ಮಾಡಿದ ಬೆಲ್ಲ 60 ಗ್ರಾಂ, ಎಳ್ಳು 1 ಚಮಚ, ನೀರು 2 ಚಮಚ, ಯಾಲಕ್ಕಿ 2, ಉಪ್ಪು ಒಂದು ಚಿಟಿಕೆ.

ಹಣ್ಣಿಗೆ: ಪೇರಲ ಹಣ್ಣು 750 ಗ್ರಾಂ, ಬೆಲ್ಲ 40 ಗ್ರಾಂ, ಮಣೂಕ 30 ಗ್ರಾಂ, ಒಂದು ದಾಳಿಂಬೆ.

ಮಾಡುವ ಕ್ರಮ

1. ಪೇರಲವನ್ನು ಹೋಳು ಮಾಡಿ ಬೀಜದ ಭಾಗ ತೆಗೆದು ಸಣ್ಣಗೆ ಹೆಚ್ಚಿಕೊಳ್ಳಿರಿ. ಅರ್ಧ ಬಟ್ಟಲು ನೀರು, ಬೆಲ್ಲ, ಮಣೂಕ ಸೇರಿಸಿ ಮುಚ್ಚಿ, 8-10 ನಿಮಿಷ ಬೇಯಿಸಿರಿ. ಹೋಳು ಮೆತ್ತಗಾಗಬೇಕು, ಕರಗಬಾರದು. ನೀರು ಉಳಿದರೆ ಮುಚ್ಚಳ ತೆಗೆದು ಬತ್ತಿಸಿರಿ.

2. ಹಿಟ್ಟು, ಶೇಂಗಾ ತರಿ, ಎಳ್ಳು, ಉಪ್ಪು ಕಲಸಿ ಅದರಲ್ಲಿ ತುಪ್ಪ ಹಾಕಿ ಬೆರಳ ತುದಿಯಿಂದ ಮಾತ್ರ ಉಜ್ಜಿರಿ. ಅಂಗೈ ತಾಗಿದರೆ ಮೈಶಾಖಕ್ಕೆ ತುಪ್ಪ ಕರಗುತ್ತದೆ. ಬೇಸಿಗೆಯಲ್ಲಿ ತುಪ್ಪದ ಪಾತ್ರೆಯನ್ನು ಸ್ವಲ್ಪ ಹೊತ್ತು ತಣ್ಣೀರಿನಲ್ಲಿಟ್ಟು ಹೆರೆಗಟ್ಟಿಸಿಕೊಳ್ಳಿರಿ.

3. ಮೇಲೆ ನೀರು ಚಿಮುಕಿಸಿ ಕೈಯಾಡಿಸಿರಿ. ಕೆಲವು ಕಾಳು ನುಚ್ಚಿನಷ್ಟು, ಕೆಲವು ಕಡಲೆಯಷ್ಟು ಆಗುತ್ತವೆ. ಎಲ್ಲ ಒಂದೇ ಸಮ ಆಗಬೇಕೆಂದಿಲ್ಲ. ಹಾಗೆಯೇ ಕಾಲು ತಾಸು ಬಿಡಿರಿ.

4. ದಪ್ಪ ತಳದ ಬುಟ್ಟಿಯಲ್ಲಿ ಸಣ್ಣ ಉರಿಯ ಮೇಲೆ ಸುಮಾರು 15 ನಿಮಿಷ ಹುರಿಯಿರಿ. ಸೌಟಿನಿಂದ ಒತ್ತದೆ ಮೆಲ್ಲಗೆ ಹೊರಳಿಸಬೇಕು. ಹಸಿ ಹಿಟ್ಟಿನ ವಾಸನೆ ಹೋಗಿ ಹುರಿದ ಶೇಂಗಾದ ಘಮ ಬಂದು, ಬಣ್ಣ ಕೆಂಪಗಾದಾಗ ಇಳಿಸಿರಿ. ಅವಸರ ಮಾಡಿದರೆ ಮೇಲೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ.

5. ಕೆಳಗಿಳಿಸಿದ ಮೇಲೆಯೇ ಬೆಲ್ಲ, ಯಾಲಕ್ಕಿ ಬೆರೆಸಿರಿ. ಒಲೆಯ ಮೇಲಿರುವಾಗ ಹಾಕಿದರೆ ಬೆಲ್ಲ ಪಾಕವಾಗಿ ತಳ ಹಿಡಿದು ಕಹಿಯಾಗುತ್ತದೆ. ಪರಾತದಲ್ಲಿ ಹರಡಿ ಆರಲು ಬಿಡಿರಿ.

6. ಬಡಿಸುವಾಗ ಮೊದಲು ಹಣ್ಣು, ಅದರ ಮೇಲೆ ಹುರಿಪುಡಿ, ಅದರ ಮೇಲೆ ದಾಳಿಂಬೆಯ ಕಾಳು. ಮುಂಚಿತವಾಗಿ ಹಾಕಿಟ್ಟರೆ ಪುಡಿ ಮೆತ್ತಗಾಗುತ್ತದೆ.

ಮನೆಯಲ್ಲಿ ಬಟ್ಟಿ ಇದ್ದವರು ಮೂರನೆಯ ಹಂತದಲ್ಲಿಯೇ ಬೆಲ್ಲ, ಯಾಲಕ್ಕಿ ಸೇರಿಸಿ, ಹಣ್ಣಿನ ಮೇಲೆ ಹರಡಿ 180 ಅಂಶ ಶಾಖದಲ್ಲಿ 25-30 ನಿಮಿಷ ಇಡಬಹುದು.

ಪೇರಲ ಸಿಗದಿದ್ದರೆ ಬಾಳೆಹಣ್ಣು ನಡೆಯುತ್ತದೆ, ಆದರೆ 3 ನಿಮಿಷಕ್ಕಿಂತ ಹೆಚ್ಚು ಬೇಯಿಸಬೇಡಿರಿ. ಚಿಕ್ಕುವಿಗೆ ಬೆಲ್ಲ ಬೇಡವೇ ಬೇಡ. ದ್ರಾಕ್ಷಿ ಬಹಳ ನೀರು ಬಿಡುತ್ತದೆ, ಬತ್ತಿಸಲು ಹೊತ್ತು ಬೇಕು. ನಮ್ಮ ಜಿಲ್ಲೆಯ ಮಣೂಕಕ್ಕಂತೂ ಹೊರಗೆಲ್ಲ ಹೆಸರಿದೆ, ಅದನ್ನು ಬಿಡಬೇಡಿರಿ. ದಾಳಿಂಬೆಯನ್ನು ಮಾತ್ರ ಎಂದೂ ಬೇಯಿಸಬಾರದು. ಜೋಳದ ಬದಲು ಸಜ್ಜೆ ಬಳಸುವವರು ಹಿಟ್ಟನ್ನು ಆಗಲೇ ಬೀಸಿಕೊಳ್ಳಬೇಕು. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಹಿಟ್ಟು ಬೇಗ ಕಹಿಯಾಗುತ್ತದೆ. ಶೇಂಗಾ ಆಗದವರಿದ್ದರೆ ಅಷ್ಟೇ ತೂಕದ ಪುಠಾಣಿಯ ತರಿ ಹಾಕಿರಿ.

ಗಿರಣಿಯ ಎಚ್ಚರಿಕೆ

ಇಷ್ಟೆಲ್ಲ ಮಾಡಿದರೂ ಒಂದು ಕಡೆ ನಾವು ಎಡವುವ ಸಂಭವವಿತ್ತು. ಅದು ಹಿಟ್ಟಿನ ಗಿರಣಿ. ಒಂದೇ ಕಲ್ಲಿನಲ್ಲಿ ಗೋಧಿ ಬೀಸಿದ ಮೇಲೆ ಜೋಳ ಬೀಸಿದರೆ ಗೋಧಿಯ ಹಿಟ್ಟು ಬೆರೆತೇ ತೀರುತ್ತದೆ. ಸ್ವಲ್ಪ ಬೆರೆತರೆ ಏನಾದೀತು ಎನ್ನುವವರು ಈ ಲೆಕ್ಕ ನೋಡಬೇಕು. ಗ್ಲುಟೆನ್‌ರಹಿತ ಎಂದು ಮಾರುವ ಪದಾರ್ಥದ 1 ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷಾ ನಿಯಮವಿದೆ. 1 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ 1 ಕಿಲೋ ಜೋಳದ ಹಿಟ್ಟಿಗೆ ಬರಿಯ 1 ಗ್ರಾಂ, ಒಂದೆರಡು ಚಿಟಿಕೆ, ಗೋಧಿ ಹಿಟ್ಟು ಬೆರೆತರೂ ಮಿತಿಯ ನಾಲ್ಕು ಪಟ್ಟಾಯಿತು.

ಆದುದರಿಂದ ಇಂಥವರಿಗಾಗಿ ಜೋಳವನ್ನು ಹಸನು ಮಾಡುವಾಗ ಗೋಧಿ ಕಾಳನ್ನು ಆರಿಸಿ ತೆಗೆದು, ಮನೆಯ ಬೀಸುಕಲ್ಲಿನಲ್ಲಿಯೋ, ಸ್ವಚ್ಛವಾಗಿ ತೊಳೆದೊರೆಸಿದ ಮಿಕ್ಸರಿನಲ್ಲಿಯೋ ಬೀಸುವುದು ಉತ್ತಮ. ಬೀಸುಕಲ್ಲಾದರೆ ಅದರಲ್ಲಿ ಗೋಧಿ ಬೀಸಿರಬಾರದು. ಸಾಣಿಗೆ, ಪರಾತ, ಸೌಟು, ಹಂಚುಗಳೂ ಬೇರೆ ಇರಲಿ. ಗೋಧಿ ಹಿಟ್ಟು ಹಿಡಿದ ಸಾಣಿಗೆಯನ್ನು ಎಷ್ಟು ಝಾಡಿಸಿದರೂ ಕಣ್ಣುಗಳಲ್ಲಿ ಹಿಟ್ಟು ಉಳಿಯುತ್ತದೆ.

ಕೊನೆಯ ಮಾತು

ಈ ವರ್ಷದ ಸಮ್ಮೇಳನಕ್ಕೆ ಆ ತರಗತಿಯ 40 ಮಕ್ಕಳಿಗೆ ಮೇಲಿನ ಲೆಕ್ಕವನ್ನು ಐದು ಪಟ್ಟು ಮಾಡಿ ಇದೇ ಸಿಹಿಯನ್ನು ಮಾಡಿಸಿದೆವು. ಹಿಟ್ಟನ್ನು ಆ ಹುಡುಗಿಯ ಮನೆಯ ಬೀಸುಕಲ್ಲಿನಲ್ಲಿ ಅಜ್ಜಿಯೇ ಬೀಸಿಕೊಟ್ಟರು. ಹುಡುಗಿಯರು ಪೇರಲ ಹೆಚ್ಚಿದರು, ಹುಡುಗರು ಶೇಂಗಾ ಕುಟ್ಟಿದರು. ಬೇರೆ ತಟ್ಟೆ, ಬೇರೆ ಮೂಲೆ ಎಂಬುದಿಲ್ಲದೆ ಆಕೆ ಎಲ್ಲರ ನಡುವೆ ಕುಳಿತಳು. ನಾವು ಬಡಿಸುತ್ತ ಬಂದು, “ಹಾಕಲೇನವ್ವಾ?” ಎಂದು ಕೇಳಿದೆವು. “ಹಾಕ್ರಿ ಗುರುಗಳ, ಮ್ಯಾಲಿನ ಪುಡಿ ಜಾಸ್ತಿ ಹಾಕ್ರಿ” ಎಂದಳು. ಹೋದ ವರ್ಷ ಹಾಗೆ ಕೇಳದೆ ಹೋದದ್ದೇ ನಮ್ಮ ತಪ್ಪಾಗಿತ್ತು.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮಗುವಿಗೆ ಯಾವುದಾದರೂ ಪದಾರ್ಥ ಆಗದಿದ್ದರೆ ಪ್ರವೇಶದ ವೇಳೆಯಲ್ಲಿಯೇ ವರ್ಗಶಿಕ್ಷಕರಿಗೆ ಬರೆದು ತಿಳಿಸಿರಿ. ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ವಿದ್ಯಾರ್ಥಿಗಳೇ, ಗೆಳೆಯನು ಯಾವುದನ್ನೋ ಬೇಡವೆಂದರೆ ಒತ್ತಾಯಿಸಬೇಡಿರಿ, ನಗಬೇಡಿರಿ. ಕಾರಣ ಕೇಳಿ ತಿಳಿದುಕೊಳ್ಳಿರಿ.

ಅಭ್ಯಾಸ

1. ರೊಟ್ಟಿಯ ಹಿಟ್ಟಿಗೆ ಎಸರು ಏಕೆ ಬೇಕು, ಚಪಾತಿಯ ಹಿಟ್ಟಿಗೆ ಏಕೆ ಬೇಡ? ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
2. ಗೋಧಿ ಮತ್ತು ಜೋಳದ ಹಿಟ್ಟನ್ನು ತೊಳೆಯುವ ಪ್ರಯೋಗವನ್ನು ಮನೆಯಲ್ಲಿ ಮಾಡಿ, ಕಂಡದ್ದನ್ನು ಬರೆಯಿರಿ.
3. ಹುರಿಪುಡಿಯ ಸಾಮಗ್ರಿಗಳ ತೂಕವನ್ನು 60 ಜನರಿಗೆ ಲೆಕ್ಕ ಹಾಕಿರಿ.
4. ನಿಮ್ಮ ಅಜ್ಜಿಯನ್ನು ಕೇಳಿ, ಗೋಧಿಯಿಲ್ಲದೆ ಮಾಡುವ ಎರಡು ಸಿಹಿಗಳ ಹೆಸರನ್ನೂ ಮಾಡುವ ಕ್ರಮವನ್ನೂ ಬರೆದು ತನ್ನಿರಿ.